ಸಂಜೆಯ ಕಾಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ನಡೆದದ್ದರಲ್ಲಿ ಆ ಕೋಪದ ಪಾಲೂ ಇದೆ. ಇಪ್ಪತ್ತಾರು ವರ್ಷಗಳಿಂದ ಕೃತಕ ಕಾಲು ಮಾಡಿಕೊಂಡು ಬಂದಿದ್ದೇನೆ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಗೋಡೆಗೆ ಅಂಟಿಕೊಂಡು ನನ್ನ ವರ್ಕ್‌ಶಾಪು. ಕಪಾಟಿನ ತುಂಬ ಪ್ಲಾಸ್ಟರಿನ ಅಚ್ಚುಗಳು, ಮೇಜಿನ ಮೇಲೆ ಒರಟು ಅರ, ನಯ ಅರ, ಮೂಲೆಯಲ್ಲಿ ಪ್ಲಾಸ್ಟಿಕ್ ಕಾಯಿಸುವ ಓವನ್ನು. ಎದುರಿಗೆ ಎಲ್ಲರೂ ಮೇಷ್ಟ್ರೇ ಎನ್ನುತ್ತಾರೆ. ಬೆನ್ನ ಹಿಂದೆ ಬೆಂಕಿಪೊಟ್ಟಣ ಎನ್ನುತ್ತಾರಂತೆ. ಇದನ್ನು ನನಗೆ ತಿಳಿಸಿದವಳು ನನ್ನ ಹೆಂಡತಿ, ಅದೂ ಬಹಳ ಖುಷಿಯಿಂದ.

ಕೃತಕ ಕಾಲು ಎಂದರೆ ಜನ ಪಾದವನ್ನು ನೋಡುತ್ತಾರೆ. ಬಣ್ಣ ಹೊಂದುತ್ತದೆಯೇ, ಬೆರಳು ನಿಜದ ಹಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಪಾದ ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದೆ ಇರುವುದು ಸಾಕೆಟ್ಟು, ಅಂದರೆ ಕತ್ತರಿಸಿ ಉಳಿದ ಮೊಂಡುಕಾಲು ಒಳಗೆ ಇಳಿದು ಕೂರುವ ಬಟ್ಟಲು. ಅದು ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಎಲ್ಲಿ ಭಾರ ತಡೆಯುತ್ತದೋ ಅಲ್ಲಿ ಒತ್ತಬೇಕು, ಎಲ್ಲಿ ಮೂಳೆ ತೊಗಲಿನ ಹತ್ತಿರ ಬಂದಿದೆಯೋ ಅಲ್ಲಿ ಬಿಟ್ಟುಕೊಡಬೇಕು. ನನ್ನ ಸಾಕೆಟ್ಟಿನ ಬಗ್ಗೆ ನನಗೆ ಜಂಬವಿತ್ತು. ನನ್ನ ರಿಜಿಸ್ಟರಿನಲ್ಲಿ 'ತಯಾರಿಕೆಯ ದೋಷ' ಎಂಬ ಒಂದು ಕಾಲಮ್ಮಿದೆ, ಇಪ್ಪತ್ತಾರು ವರ್ಷ ಅದರಲ್ಲಿ ಒಂದು ಅಕ್ಷರವೂ ಬಿದ್ದಿರಲಿಲ್ಲ.

ಆ ಹೆಂಗಸು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವಳು. ದಿನಕ್ಕೆ ಒಂಬತ್ತು ಗಂಟೆ ಮೇಜಿನ ಮುಂದೆ ನಿಂತೇ ಇರಬೇಕು. ನಾವೆಲ್ಲ ಕಟಿಂಗಮ್ಮ ಎನ್ನುತ್ತಿದ್ದೆವು. ಎಡಗಾಲು ಮಂಡಿಯಿಂದ ಗೇಣಿನಷ್ಟು ಕೆಳಗೆ ಹೋಗಿತ್ತು. ಎರಡು ವರ್ಷಗಳಲ್ಲಿ ನಾಲ್ಕು ಸಲ ಒಡೆದ ಸಾಕೆಟ್ಟು ಹಿಡಿದುಕೊಂಡು ಬಂದಿದ್ದಳು, ಪ್ರತಿ ಸಲವೂ ಬೆಳಿಗ್ಗೆ ಹತ್ತಕ್ಕೆ. ಪ್ರತಿ ಸಲವೂ ಒಂದೇ ಮಾತು.

"ಮೆಟ್ಟಿಲಿಂದ ಬಿದ್ದೆ ಮೇಷ್ಟ್ರೇ."

"ಮೆಟ್ಟಿಲು ಅಂದ್ರೆ ನಿನಗೇನು ಜಾರುಬಂಡೆನಾ? ಕಣ್ಣು ಎಲ್ಲಿಟ್ಕೊಂಡು ಇಳೀತೀಯ?"

ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ನಾನು ಬೈಯುತ್ತಲೇ ರಿಪೇರಿ ಮಾಡುತ್ತಿದ್ದೆ. ಒಂದು ಸಲ ಸಾಕೆಟ್ಟಿನ ಎರಡು ಪದರ ಬಟ್ಟೆಗೆ ಇನ್ನೆರಡು ಸೇರಿಸಿದೆ. ಮತ್ತೊಂದು ಸಲ ಅಂಚಿಗೆ ಕಾರ್ಬನ್ ಬಟ್ಟೆ ಕೊಟ್ಟು ರೆಸಿನ್ ಅಂಟು ಸುರಿದೆ. ನಾಲ್ಕನೆಯ ಸಲ ಇನ್ನೂ ದಪ್ಪ. ಇನ್ನು ಇದರ ಮೇಲೆ ಲಾರಿ ಹತ್ತಿದರೂ ಒಡೆಯದು ಎಂದು ಬೆರಳಿನಿಂದ ತಟ್ಟಿ ತೋರಿಸಿದ್ದೆ.

"ಸಂಜೆ ಹೊತ್ತಿಗೆ ತುಂಬ ಉರಿಯುತ್ತೆ ಮೇಷ್ಟ್ರೇ. ಮನೆಗೆ ಹೋದ ತಕ್ಷಣ ಕಳಚಿ ಗೋಡೆಗೆ ಒರಗಿಸಿಬಿಡ್ತೀನಿ," ಎಂದು ಅವಳು ಹೇಳಿದ್ದಳು. ಒಂದಲ್ಲ, ಮೂರು ಸಲ.

"ಎಷ್ಟು ಹೊತ್ತಿಗೆ ಕಳಚ್ತೀಯ?"

"ಆರೂವರೆಗೆ."

"ಅಭ್ಯಾಸ ಆಗುತ್ತೆ, ಹೋಗು," ಎಂದಿದ್ದೆ. ಬೆಳಿಗ್ಗೆ ಹತ್ತು ಗಂಟೆಯಲ್ಲಿ ಹಾಕಿ ನೋಡಿದರೆ ಸಾಕೆಟ್ಟು ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ತಪ್ಪು ನನ್ನದಲ್ಲ ಎಂದು ನನಗೆ ಖಾತ್ರಿಯಿತ್ತು.

ಐದನೆಯ ಸಲ ಬಂದಾಗ ಅಂಚು ಎರಡು ಬೆರಳಗಲ ಸೀಳಿತ್ತು. ಲಾರಿಗೂ ಬಗ್ಗದ ಅಂಚು. ನನ್ನ ಪಿತ್ತ ನೆತ್ತಿಗೇರಿತು. ಬೆಂಚಿನ ಮೇಲೆ ಕೂತಿದ್ದ ಅವಳ ಮುಂದೆಯೇ ಕಾಲನ್ನು ಕಣಕಾಲಿನ ಹತ್ತಿರ ಹಿಡಿದು ಮೇಲಕ್ಕೆ ಬೀಸಿ ಎತ್ತಿದೆ. "ಇದನ್ನ ಏನಂದ್ಕೊಂಡಿದ್ದೀಯ ನೀನು, ಸುತ್ತಿಗೆನಾ?" ಎಂದು ಕೂಗಿದೆ.

ಅವಳು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಬೆಂಚಿನ ಮೂಲೆಗೆ ಮುದುಡಿದಳು. ಮೊಣಕೈ ಮುಂದೆ, ಕುತ್ತಿಗೆ ಒಳಕ್ಕೆ. ರೂಢಿಯಾದ ಕೆಲಸದಂತೆ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ.

ನನ್ನ ಕೈ ಮೇಲೇ ನಿಂತಿತು. ನಾನು ಹಿಡಿದಿದ್ದ ಕಡೆ ಕಣಕಾಲಿಗೆ ಹೊದಿಸಿದ ಸ್ಪಂಜು ಮೊದಲೇ ಅಮುಕಿಹೋಗಿತ್ತು, ನಾಲ್ಕು ಬೆರಳು ಒಂದು ಹೆಬ್ಬೆರಳಿನ ಗುರುತು. ನನ್ನ ಬೆರಳುಗಳು ಆ ಗುರುತಿನೊಳಗೇ ಹೋಗಿ ಕೂತಿದ್ದವು. ಆಮೇಲೆ ಪಾದ ನೋಡಿದೆ. ಪಾದಕ್ಕೆ ಒಂದು ಗೀರೂ ಇರಲಿಲ್ಲ. ಮೆಟ್ಟಿಲಿಂದ ಬಿದ್ದರೆ ಮೊದಲು ಹೋಗುವುದು ಪಾದ, ಆಮೇಲೆ ಪಾದವನ್ನು ಸಾಕೆಟ್ಟಿಗೆ ಜೋಡಿಸುವ ಕೊಳವೆ. ಅಂಚು ಕೊನೆಗೆ. ಐದು ಸಲವೂ ಒಡೆದದ್ದು ಅಂಚು, ಐದು ಸಲವೂ ಪಾದ ನೆಟ್ಟಗಿತ್ತು. ಇದು ಕಸುಬಿಗೆ ಹೊಸದಾಗಿ ಸೇರಿದವನಿಗೂ ಗೊತ್ತಾಗಬೇಕು. ನನಗೆ ಗೊತ್ತಾಗಿರಲಿಲ್ಲ, ಏಕೆಂದರೆ ನಾನು ಬೈಯುವುದರಲ್ಲಿ ಮುಳುಗಿದ್ದೆ.

ಕಾಲನ್ನು ಮೆಲ್ಲನೆ ಮೇಜಿನ ಮೇಲಿಟ್ಟೆ. "ಯಾರು?" ಎಂದೆ.

"ನಮ್ಮನೆಯವರು."

ಗಂಡನನ್ನು ನಾನು ಒಮ್ಮೆ ದೂರದಿಂದ ನೋಡಿದ್ದೆ. ಲಿಫ್ಟ್ ರಿಪೇರಿಯವನು. ಇವರಿರುವುದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ.

ಅವಳು ಅಂಗಿಯ ಕಾಲರನ್ನು ಹಿಂದಕ್ಕೆ ಜಗ್ಗಿ ತೋರಿಸಿದಳು. ಹೆಗಲಿನ ಮೂಳೆಯ ಮೇಲೆ ಕಪ್ಪಾಗಿ ಎರಡು ಕಮಾನು, ಒಂದರ ಪಕ್ಕ ಒಂದು. ಸಾಕೆಟ್ಟಿನ ಹಿಂಬದಿಯ ಅಂಚನ್ನು ನಾನು ಹಾಗೆಯೇ ಎರಡು ಕಮಾನಾಗಿ ಕತ್ತರಿಸುತ್ತೇನೆ, ಮಂಡಿ ಮಡಚಿದಾಗ ನರಕ್ಕೆ ತಾಗದಿರಲೆಂದು. ಬೇರೆ ಯಾರೂ ಹಾಗೆ ಕತ್ತರಿಸುವುದಿಲ್ಲ. ಅವಳ ಬೆನ್ನ ಮೇಲೆ ಇದ್ದದ್ದು ನನ್ನ ಕೈಬರಹ.

"ಕಾಲು ಹೋಗಿದ್ದು ಅವರು ಓಡಿಸ್ತಿದ್ದ ಬೈಕಿಂದಾನೇ," ಎಂದಳು. "ಅವರಿಗೆ ಒಂದು ಗೀರೂ ಆಗ್ಲಿಲ್ಲ. ಮನೇಲಿ ಇದು ಗೋಡೆಗೆ ಒರಗಿರೋದು ಕಂಡ್ರೆ ಅವರಿಗೆ ಆಗಲ್ಲ. ನನ್ನನ್ನೇ ದುರುಗುಟ್ಕೊಂಡು ನೋಡ್ತಿದೆ ಅಂತಾರೆ. ಕುಡಿದಿರ್ಲಿ ಬಿಡ್ಲಿ, ಎತ್ಕೋತಾರೆ. ಮೊದಲಿನ ಕಾಲು ಹಗುರ ಇತ್ತು, ತಡ್ಕೋತಿದ್ದೆ. ನೀವು ಗಟ್ಟಿ ಮಾಡಿದ ಮೇಲೆ ಏಟೂ ಗಟ್ಟಿ ಆಯ್ತು ಮೇಷ್ಟ್ರೇ."

ಅವಳು ಅದನ್ನು ದೂರುವ ಹಾಗೆ ಹೇಳಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಇನ್ನೂ ಗಟ್ಟಿ ಬೇಡ," ಎಂದಳು. "ಕಚ್ಚದೆ ಇರೋ ಹಾಗೆ ಮಾಡಿಕೊಡಿ. ಮಲಗೋವರೆಗೂ ಹಾಕ್ಕೊಂಡಿರೋ ಹಾಗೆ. ಕಾಲು ನನ್ನ ಮೈಮೇಲಿದ್ರೆ ಅವರು ಎತ್ಕೊಳ್ಳೋದು ಹೇಗೆ? ಕಾಲು ಕಳಚಿದ ಮೇಲೆ ನಾನು ನೆಲದ ಮೇಲೆ, ಅವರು ನೆತ್ತಿ ಮೇಲೆ. ನಿಂತಿದ್ರೆ ಒಂದು ಮಾತಾದ್ರೂ ಆಡಬಹುದು."

"ಇಲ್ಲಿ ಹಾಕಿದಾಗ ಚೆನ್ನಾಗೇ ಕೂರುತ್ತಲ್ಲ ಇದು," ಎಂದು ನಾನು ಆಗಲೂ ಜಂಬ ಬಿಡದೆ ಅಂದೆ.

"ಅಂಗಿ ಕಂಕುಳಲ್ಲಿ ಕಚ್ಚಿದ್ರೆ ನಾವು ದಪ್ಪ ಬಟ್ಟೆ ಹಾಕಲ್ಲ ಮೇಷ್ಟ್ರೇ, ಅಳತೆ ಮತ್ತೆ ತಗೋತೀವಿ. ಅದೂ ಕೈ ಎತ್ತಿ ಕೆಲಸ ಮಾಡೋವಾಗ ತಗೋತೀವಿ, ಸುಮ್ನೆ ನಿಂತಾಗ ಅಲ್ಲ."

ನಾನು ಅಳತೆ ತೆಗೆದದ್ದೆಲ್ಲ ಬೆಳಿಗ್ಗೆ ಹತ್ತಕ್ಕೆ. ಬೆಳಿಗ್ಗೆ ಮೊಂಡುಕಾಲು ಉಬ್ಬಿರುತ್ತದೆ. ಒಂಬತ್ತು ಗಂಟೆ ಅದರ ಮೇಲೆ ನಿಂತರೆ ನೀರಿಳಿದು ಸೊರಗುತ್ತದೆ, ಸಾಕೆಟ್ಟಿನಲ್ಲಿ ಇನ್ನೂ ಆಳಕ್ಕೆ ಜಾರುತ್ತದೆ, ಮೂಳೆಯ ತುದಿ ತಳಕ್ಕೆ ಬಡಿಯುತ್ತದೆ. ನಾನು ಬೆಳಗಿನ ಕಾಲಿಗೆ ಸಾಕೆಟ್ಟು ಮಾಡಿ ಸಂಜೆಯ ಕಾಲಿಗೆ ಹಾಕಿ ಕಳಿಸುತ್ತಿದ್ದೆ. ಅವಳು ಉರಿ ತಾಳದೆ ಕಳಚುತ್ತಿದ್ದಳು. ಕಳಚಿದ್ದನ್ನು ಅವನು ಎತ್ತಿಕೊಳ್ಳುತ್ತಿದ್ದ.

ಸೀಳಿದ ಅಂಚಿಗೆ ಪಟ್ಟಿ ಸುತ್ತಿ ಕೊಟ್ಟೆ. "ಇವತ್ತು ಕೆಲಸಕ್ಕೆ ಹೋಗು. ಆರು ಗಂಟೆಗೆ ನೇರ ಇಲ್ಲಿಗೆ ಬಾ. ಮಧ್ಯೆ ಎಲ್ಲೂ ಕಳಚಬೇಡ," ಎಂದೆ.

ಆರಕ್ಕೆ ಬಂದಳು. ಕಾಲು ಕಳಚಿದಾಗ ತುದಿ ಕೆಂಪಗೆ ಕೆಂಡದ ಹಾಗಿತ್ತು. ಸುತ್ತಳತೆ ಬೆಳಗಿಗಿಂತ ಒಂದು ಬೆರಳು ಕಡಿಮೆ. ನೇರಳೆ ಪೆನ್ಸಿಲ್ ಒದ್ದೆ ಮಾಡಿ ನೋಯುವ ಜಾಗಗಳನ್ನೆಲ್ಲ ಗುರುತಿಸಿದೆ. ಮಂಡಿಯ ಹೊರಬದಿಯ ಗುಂಡು ಮೂಳೆ, ಮುಂಗಾಲಿನ ಏಣು, ಕತ್ತರಿಸಿದ ತುದಿ. ಪ್ಲಾಸ್ಟರ್ ಪಟ್ಟಿ ಸುತ್ತಿದರೆ ಆ ನೇರಳೆ ಗುರುತು ಒಳಗೆ ಅಚ್ಚಾಗುತ್ತದೆ, ಅದರೊಳಗೆ ಗಾರೆ ಸುರಿದರೆ ಅಚ್ಚಿನ ಮೇಲೂ ಮೂಡುತ್ತದೆ. ಎಲ್ಲಿ ಕೆರೆಯಬೇಕು, ಎಲ್ಲಿ ತುಂಬಬೇಕು ಎಂದು ಅದೇ ಹೇಳುತ್ತದೆ. ಹೊರಡುವಾಗ ಅವಳು ಕೇಳಿದಳು, "ಎಷ್ಟು ದಿನ?" ನಾಲ್ಕು ದಿನ ಎಂದೆ.

ಮಾರನೆಯ ದಿನ ನಾಲ್ಕು ಗಂಟೆಗೆ ಅಚ್ಚಿಗೆ ಅರ ಹಾಕುತ್ತಿದ್ದೆ. ಬಾಗಿಲು ಗೋಡೆಗೆ ಬಡಿಯಿತು.

"ಕಾಲು ಮಾಡೋನು ನೀನೇನಾ?" ಲಿಫ್ಟಿನವನು. ಎತ್ತರದ ಆಳು, ತೋಳಲ್ಲಿ ಗ್ರೀಸು. "ನನ್ನ ಹೆಂಡ್ತೀನ ಸಂಜೆ ಹೊತ್ತು ಕೂರಿಸ್ಕೊಂಡು ಏನೋ ಅಳೀತಿದ್ದೀಯಂತೆ?"

"ಹೌದು. ನಿನ್ನ ಬೆರಳಿನ ಅಳತೆ ಆಗ್ಲೇ ಸಿಕ್ಕಿದೆ, ಕಣಕಾಲಿನ ಹತ್ತಿರ," ಎಂದೆ. ಬಾಯಿಗೆ ಬೀಗ ಹಾಕಿಕೊಳ್ಳುವುದು ನನಗೆ ಯಾವತ್ತೂ ಬಂದಿಲ್ಲ.

ಅವನು ಮೂಲೆಯಲ್ಲಿದ್ದ ಕಬ್ಬಿಣದ ಪೈಪು ತೆಗೆದುಕೊಂಡ. ಮೊದಲ ಏಟು ಅಚ್ಚಿಗೆ. ಒಂದು ದಿನದ ಕೆಲಸ ಚೂರುಚೂರಾಗಿ ಗೋಡೆಗೆ ಹಾರಿತು. ಎರಡನೆಯದು ಕಪಾಟಿಗೆ. ಯಾರ್‍ಯಾರದೋ ಕಾಲುಗಳ ಅಚ್ಚು ದಡದಡ ಬಿದ್ದು ಒಡೆದವು. ಮೂರನೆಯದನ್ನು ತಡೆಯಲು ನಾನು ಎಡಗೈ ಕೊಟ್ಟೆ. ಲಟ್ ಎಂದದ್ದು ನನಗೇ ಕೇಳಿಸಿತು. ಬಲಗೈಯಲ್ಲಿ ಒರಟು ಅರ ಇತ್ತಲ್ಲ, ಅದನ್ನು ಅವನ ಮುಖಕ್ಕೆ ಎಳೆದೆ. ಕಿವಿಯಿಂದ ಗಲ್ಲದವರೆಗೆ ತೊಗಲು ಸುಲಿದು ಬಂತು. ಎಳೆಯುವಾಗ ನನಗೆ ಹಿತವೆನಿಸಿತು, ಸುಳ್ಳು ಹೇಳುವುದಿಲ್ಲ. ಇನ್ನೊಮ್ಮೆ ಎಳೆಯಲು ಹೋದೆ, ಅವನು ಹೊಟ್ಟೆಗೆ ಒದ್ದ. ಪ್ಲಾಸ್ಟರಿನ ಪುಡಿಯಲ್ಲಿ ಬಿದ್ದು ಉಸಿರಿಗೆ ಒದ್ದಾಡಿದೆ.

ಗದ್ದಲ ಕೇಳಿ ಪಕ್ಕದಿಂದ ಬಟ್ಟೆ ಒಗೆಯುವ ಹೆಂಗಸರು ಬಂದರು. ಮೂವರು, ಕೈಯಲ್ಲಿ ಕುದಿನೀರಿನ ಬಕೆಟ್ಟು. ಅವನು ಬಕೆಟ್ಟು ನೋಡಿ ಪೈಪು ಕೆಳಗೆ ಹಾಕಿದ. ಬಾಗಿಲಲ್ಲಿ ನಿಂತು ಗಲ್ಲದ ರಕ್ತ ಒರೆಸಿಕೊಳ್ಳುತ್ತ, "ಎಷ್ಟಾದ್ರೂ ಮಾಡ್ಕೋ. ಕೊನೇಗೆ ಆ ಕಾಲು ಬರೋದು ನನ್ನ ಮನೇಗೇ," ಎಂದು ಹೋದ.

ಎರಡು ಬೆರಳು ಮುರಿದಿದ್ದವು. ಆಸ್ಪತ್ರೆಯವರು ಪೊಲೀಸರಿಗೆ ದೂರು ಬರೆದರು. ಪೊಲೀಸರೂ ಬರೆದುಕೊಂಡರು. ಅಲ್ಲಿಗೆ ಅದು ಮುಗಿಯಿತು.

ಆ ಸಂಜೆ ಅವಳು ಕಾಲನ್ನು ಫ್ಯಾಕ್ಟರಿಯ ಬಟ್ಟೆ ಥಾನುಗಳ ಹಿಂದೆ ಬಚ್ಚಿಟ್ಟು ಊರುಗೋಲಿನಲ್ಲಿ ಮನೆಗೆ ಹೋಗಿದ್ದಳಂತೆ. ಕಾಲು ಸಿಗದಿದ್ದರೇನು, ಅವನಿಗೆ ಊರುಗೋಲು ಸಿಕ್ಕಿತು. ಮರುದಿನ ಬೆಳಿಗ್ಗೆ ಉಳಿದ ಒಂದೇ ಕೋಲೂರಿ ಫ್ಯಾಕ್ಟರಿ ಸೇರಿ, ಕಾಲು ಹಾಕಿಕೊಂಡು ದಿನವಿಡೀ ಬಟ್ಟೆ ಕತ್ತರಿಸಿ, ಆರಕ್ಕೆ ನನ್ನ ಬಾಗಿಲಲ್ಲಿ ನಿಂತಳು. ತುಟಿ ಎರಡಾಗಿತ್ತು. ಒಂದು ಕಣ್ಣು ತೆರೆಯುತ್ತಿರಲಿಲ್ಲ.

"ಅಳತೆ ಮತ್ತೆ ತಗೋಳಿ," ಎಂದಳು.

ನನಗೆ ಒಂದೇ ಕೈ. ಹಾಗಾಗಿ ಹೆಂಡತಿಯನ್ನು ಕರೆತಂದಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಪ್ಲಾಸ್ಟರ್ ಪಟ್ಟಿಯನ್ನು ನೀರಲ್ಲಿ ಅದ್ದುತ್ತಿದ್ದಳು. ನಾನು ಹೀಗಲ್ಲ ಹಾಗೆ ಎಂದು ಕೂಗಿದೆ.

"ಕೈ ಮುರೀತು, ಬಾಯಿ ಮುರೀಲಿಲ್ಲ ನೋಡು ಇವರದ್ದು," ಎಂದು ಅವಳು ಕಟಿಂಗಮ್ಮನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಎರಡು ವರ್ಷ ಈ ಹುಡುಗಿ ನಿಮ್ಮ ಹತ್ರ ಸುಳ್ಳು ಹೇಳಿದ್ದು ಬರೀ ಗಂಡನ ಭಯಕ್ಕೆ ಅಂತ ಅಂದ್ಕೊಂಡ್ರಾ? ಇಲ್ಲೊಬ್ಬರು ಕೂಗೋರು, ಅಲ್ಲೊಬ್ಬರು ಹೊಡೆಯೋರು. ನಿಜ ಹೇಳೋದು ಯಾರಿಗೆ?" ಎಂದಳು.

ನಾನು ಪಟ್ಟಿ ಸುತ್ತಿದೆ.

"ನಮ್ಮನೇಗೆ ಬಂದ್ಬಿಡಮ್ಮ," ಎಂದಳು ನನ್ನ ಹೆಂಡತಿ. "ಅವನ ಸಹವಾಸ ಸಾಕು. ಹೊಸ ಕಾಲು ಬಂದ ದಿನವೇ ಕಾಲಿಗೆ ಬುದ್ಧಿ ಹೇಳು."

ಕಟಿಂಗಮ್ಮ ಒಡೆದ ತುಟಿಯಲ್ಲೇ ನಕ್ಕಳು. "ಆ ಮನೆ ನನ್ನಮ್ಮಂದು ಅಕ್ಕ. ಅಮ್ಮ ಹೊಲಿಗೆ ಹೊಲಿದು ಕಂತು ಕಟ್ಟಿ ತಗೊಂಡಿದ್ದು. ಬುದ್ಧಿ ಹೇಳಬೇಕಾಗಿರೋದು ನನ್ನ ಕಾಲಿಗಲ್ಲ, ಅವರ ಕಾಲಿಗೆ."

ಪ್ಲಾಸ್ಟರು ಗಟ್ಟಿಯಾಗುವ ಮೊದಲು ಮಂಡಿಚಿಪ್ಪಿನ ಕೆಳಗೆ ಎರಡು ಹೆಬ್ಬೆರಳು ಇಟ್ಟು ಒತ್ತಿ ಹಿಡಿಯಬೇಕು, ಭಾರವೆಲ್ಲ ಅಲ್ಲಿ ಕೂರಲೆಂದು. ನನ್ನ ಎಡ ಹೆಬ್ಬೆರಳು ಬಲವಿಲ್ಲದೆ ನಡುಗುತ್ತಿತ್ತು. ಕಟಿಂಗಮ್ಮ ನನ್ನ ಕೈ ಸರಿಸಿ ತನ್ನ ಹೆಬ್ಬೆರಳುಗಳನ್ನೇ ಇಟ್ಟಳು. ಕತ್ತರಿ ಹಿಡಿದು ದಪ್ಪವಾದ ಬೆರಳುಗಳು. "ಇಲ್ಲಾ?" ಎಂದಳು. "ಇನ್ನೂ ಸ್ವಲ್ಪ ಕೆಳಗೆ. ಹೂಂ, ಅಲ್ಲೇ. ಉಸಿರು ಹಿಡ್ಕೋಬೇಡ," ಎಂದೆ. ಐದು ನಿಮಿಷ ಅವಳು ತನ್ನ ಕಾಲನ್ನು ತಾನೇ ಹಾಗೆ ಒತ್ತಿ ಹಿಡಿದು ಕೂತಳು.

ಈ ಸಲ ಲೈನರ್ ಹಾಕಿದೆ. ಸಿಲಿಕಾನಿನ ಮೆತ್ತನೆ ಚೀಲ, ಮೊಂಡುಕಾಲಿಗೆ ಉರುಳಿಸಿ ಏರಿಸಿದರೆ ತೊಗಲಿನಂತೆ ಹಿಡಿಯುತ್ತದೆ. ಅದರ ತುದಿಯಲ್ಲಿ ಹಲ್ಲುಹಲ್ಲಾದ ಪಿನ್ನು. ಸಾಕೆಟ್ಟಿಗೆ ಇಳಿಸಿ ನಿಂತರೆ ಪಿನ್ನು ತಳದ ಲಾಕಿನಲ್ಲಿ ಟಿಕ್ ಟಿಕ್ ಎಂದು ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಐದು ಟಿಕ್, ಸಂಜೆ ಸೊರಗಿದ ಮೇಲೆ ಏಳು. ಏಳಕ್ಕಿಂತ ಹೆಚ್ಚಾದರೆ ಮೇಲೊಂದು ತೆಳು ಕಾಲುಚೀಲ ಹಾಕಿಕೊಳ್ಳಬೇಕು. ಬಿಚ್ಚಲು ಒಂದೇ ದಾರಿ, ಪಕ್ಕದ ಗುಂಡಿ ಒತ್ತುವುದು. ಗುಂಡಿ ಒತ್ತದೆ ಎತ್ತು ಕಟ್ಟಿ ಎಳೆದರೂ ಬಾರದು.

"ಗುಂಡಿ ಎಲ್ಲಿ ಇಡ್ತೀರ?" ಎಂದು ಕೇಳಿದಳು.

"ಎಲ್ಲರಿಗೂ ಹೊರಬದಿಗೆ ಇಡ್ತೀನಿ."

"ನನಗೆ ಒಳಬದಿಗೆ. ನನ್ನ ಕೈಗೆ ಮಾತ್ರ ಸಿಗೋ ಹಾಗೆ."

ಒಳಬದಿಗೆ ಇಟ್ಟೆ, ಸ್ಪಂಜಿನ ಕೆಳಗೆ ಮುಚ್ಚಿ. ಮೊದಲು ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ ಪರೀಕ್ಷೆಯ ಸಾಕೆಟ್ಟು ಮಾಡಿ ಹಾಕಿದೆ, ಹೊರಗಿಂದಲೇ ಎಲ್ಲೆಲ್ಲಿ ಒತ್ತುತ್ತದೆ ಎಂದು ನೋಡಿದೆ. ತಳದಲ್ಲಿ ಜೇಡಿಮಣ್ಣಿನ ಉಂಡೆ ಇಟ್ಟು ನಿಲ್ಲಿಸಿದೆ. ತೆಗೆದಾಗ ಉಂಡೆ ಮೆತ್ತಗೆ ಚಪ್ಪಟೆಯಾಗಿತ್ತು, ಮೂಳೆ ಬಡಿದ ಗುಳಿಯಿರಲಿಲ್ಲ. ಆಮೇಲೆ ನಿಜವಾದದ್ದು ಎರಕ ಹೊಯ್ದೆ. ಪದರ ಕಡಿಮೆ, ಹಗುರ. ಶನಿವಾರ ಬೆಳಿಗ್ಗೆ ಹಾಕಿಕೊಂಡು ಹೋದಳು. ಐದು ಟಿಕ್ ಎಣಿಸಿದೆ. ಬಾಗಿಲ ಬಳಿ ತಿರುಗಿ, "ಹಾಕ್ಕೊಂಡಿದ್ದೀನಿ ಅನ್ನೋದೇ ಗೊತ್ತಾಗ್ತಿಲ್ಲ ಮೇಷ್ಟ್ರೇ," ಎಂದಳು. ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಆ ದಿನವೆಲ್ಲ ಮುರಿದ ಬೆರಳು ನೋಯಲಿಲ್ಲ.

ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಟರು ಬಂದರು. ಕೈಯಲ್ಲಿ ಗೋಣಿಚೀಲ. ಅದರಿಂದ ಆ ಕಾಲನ್ನೇ ತೆಗೆದು ಮೇಜಿನ ಮೇಲಿಟ್ಟರು.

ಅವಳು ಸತ್ತಳು ಎಂದುಕೊಂಡೆ. ಸಾಕೆಟ್ಟು ಚೆನ್ನಾಗಿ ಕೂರಲಿಲ್ಲ, ಕಳಚಿದಳು, ಅವನು ಎತ್ತಿಕೊಂಡ, ಸತ್ತಳು. ಅಂಚು ನೋಡಲು ಧೈರ್ಯವಾಗದೆ ಪಾದ ನೋಡಿದೆ. ಪಾದ ಸೀಳಿ ಎರಡಾಗಿತ್ತು. ಕೊಳವೆಯ ತುಂಬ ಗೀರು. ಅಂಚು ನಾನು ಕೊಟ್ಟ ಹಾಗೇ ನುಣ್ಣಗಿತ್ತು.

ಈ ಕಾಲು ನಿಜವಾಗಿಯೂ ಮೆಟ್ಟಿಲಿಂದ ಬಿದ್ದಿತ್ತು.

"ಈ ಕಾಲಿನಾಕೆಯ ಗಂಡ ತೀರಿಹೋದ," ಎಂದರು ಇನ್‌ಸ್ಪೆಕ್ಟರು. "ಶನಿವಾರ ಸಂಜೆ ಏಳಕ್ಕೆ. ಮೂರನೇ ಮಹಡಿ ಮೆಟ್ಟಿಲಿಂದ ಹಿಂದಕ್ಕೆ ಬಿದ್ದಿದ್ದಾನೆ. ಕತ್ತು ಮುರಿದಿದೆ. ಈ ಕಾಲು ಅವನ ತೋಳಲ್ಲೇ ಇತ್ತು. ಅವನು ಕಾಲು ಹಿಡಿದು ಹೆಂಡ್ತೀನ ಮನೆಯಿಂದ ಆಚೆ ಎಳೀತಿದ್ದ ಅಂತ ಕೆಳಗಿನ ಮನೆಯವರು ಹೇಳ್ತಾರೆ. ಎಳೆದ ರಭಸಕ್ಕೆ ಕಾಲು ತಾನೇ ಕಳಚಿಕೊಳ್ತು ಅಂತ ಆಕೆ ಹೇಳ್ತಾಳೆ." ಅವರು ಕಾಲನ್ನು ತಿರುಗಿಸಿ, ಸ್ಪಂಜು ಅಮುಕಿ, ಒಳಬದಿಯ ಗುಂಡಿಯನ್ನು ತೋರಿಸಿದರು. "ನನಗೆ ಒಂದೇ ಪ್ರಶ್ನೆ. ಈ ಗುಂಡಿ ಒತ್ತದೆ ಇದು ಕಳಚಿಕೊಳ್ಳುತ್ತಾ?"

ಹೊರಗೆ ಒಗೆಯುವ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಒಂದೇ ಒಂದು ಲಾಕೂ ಇವತ್ತಿನವರೆಗೆ ತಾನಾಗಿ ಬಿಟ್ಟಿಲ್ಲ. ಈ ಮಾತನ್ನು ನಾನು ಎಷ್ಟು ಜನರ ಮುಂದೆ ಎದೆ ತಟ್ಟಿಕೊಂಡು ಹೇಳಿದ್ದೇನೋ ಲೆಕ್ಕವಿಲ್ಲ. ಅದೇ ನಾಲಿಗೆಗೆ ಬಂತು, ನುಂಗಿದೆ.

"ಕಳಚಿಕೊಳ್ಳುತ್ತೆ," ಎಂದೆ.

"ಹೇಗೆ?"

"ಲಾಕು ಸರಿಯಾಗಿ ಕೂರಿಸದಿದ್ರೆ. ಪಿನ್ನಿನ ಒಂದೇ ಹಲ್ಲು ಕಚ್ಚಿಕೊಂಡಿದ್ರೆ ಜೋರಾಗಿ ಎಳೆದಾಗ ಬಂದುಬಿಡುತ್ತೆ." ಪಟ್ಟಿ ಕಟ್ಟಿದ ಎಡಗೈ ಎತ್ತಿ ತೋರಿಸಿದೆ. "ಈ ಕೈಯಲ್ಲಿ ಕೂರಿಸಿದ ಲಾಕು ಅದು. ತಪ್ಪು ನನ್ನದು."

ಇನ್‌ಸ್ಪೆಕ್ಟರು ನನ್ನ ಬೆರಳುಗಳನ್ನು ನೋಡಿದರು. ಆ ಬೆರಳು ಯಾರು ಮುರಿದದ್ದು ಎಂದು ಅವರ ಠಾಣೆಯ ಕಾಗದದಲ್ಲೇ ಇತ್ತು. ಬೇಕಿದ್ದರೆ ಅಲ್ಲೇ ಕಪಾಟಿನಿಂದ ಒಂದು ಪಿನ್ನು ತೆಗೆದು ಲಾಕಿಗೆ ತೂರಿಸಿ ಎಳೆದು ನೋಡಬಹುದಿತ್ತು. ನೋಡಲಿಲ್ಲ.

"ಬರೆದುಕೊಡ್ತೀರಾ?"

"ಕೊಡ್ತೀನಿ."

ಒಂದು ಹಾಳೆ ಅವರಿಗೆ ಬರೆದುಕೊಟ್ಟೆ. ಅವರು ಹೋದ ಮೇಲೆ ರಿಜಿಸ್ಟರು ತೆಗೆದು 'ತಯಾರಿಕೆಯ ದೋಷ' ಕಾಲಮ್ಮಿನಲ್ಲಿ, ಲಾಕು ಸಡಿಲ ಎಂದು ಬರೆದೆ. ಅಕ್ಷರ ಕೆಟ್ಟಿತು. ಮಾಡದ ತಪ್ಪನ್ನು ಬರೆಯುವಾಗ ಮಾಡಿದ ತಪ್ಪು ಕಣ್ಣ ಮುಂದೆ ಬಂತು. ಅದೇ ಪುಟದ ಮೇಲ್ಭಾಗದಲ್ಲಿ ನಾಲ್ಕು ಸಲ 'ಅಂಚು ಗಟ್ಟಿಗೊಳಿಸಿದೆ' ಎಂದು ನನ್ನದೇ ದುಂಡನೆಯ ಅಕ್ಷರದಲ್ಲಿ ಇತ್ತು, ಅದಕ್ಕೆ ಯಾರೂ ವಿವರಣೆ ಕೇಳಲಿಲ್ಲ. ಆಸ್ಪತ್ರೆಯವರು ಒಂದು ನೋಟೀಸು ಕೊಟ್ಟರು. ಬೆಂಕಿಪೊಟ್ಟಣದ ಕಡ್ಡಿ ಖಾಲಿಯಾಯಿತು ಎಂದು ಯಾರೋ ನಕ್ಕದ್ದೂ ಕಿವಿಗೆ ಬಿತ್ತು.

ಇಪ್ಪತ್ತು ದಿನಗಳ ಮೇಲೆ ಪೊಲೀಸರು ಕಾಲು ವಾಪಸು ಕೊಟ್ಟರು. ಅವಳು ಅದನ್ನು ಕಂಕುಳಲ್ಲಿ ಇರುಕಿಕೊಂಡು, ಊರುಗೋಲಿನಲ್ಲಿ, ಸಂಜೆ ಆರಕ್ಕೆ ಬಂದಳು. ನಾನು ಹೊಸ ಪಾದ ಕೂರಿಸತೊಡಗಿದೆ. ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು.

"ಆರೂವರೆ ಆಯ್ತು, ಏಳಾಯ್ತು, ನಾನು ಕಳಚ್ಲಿಲ್ಲ. ಅವರು ಗೋಡೆ ಕಡೆ ನೋಡ್ತಾರೆ, ನನ್ನ ನೋಡ್ತಾರೆ. ಅವರ ಬಟ್ಟೆಬರೆ ತುಂಬಿ ಚೀಲ ಬಾಗಿಲ ಆಚೆ ಇಟ್ಟಿದ್ದೆ. ನಿಂತ್ಕೊಂಡೇ ಹೇಳಿದೆ, ಇದು ನನ್ನಮ್ಮನ ಮನೆ, ಹೊರಡಿ ಅಂತ. ಕಾಲು ಬಂತು ಅಂತ ಬಾಯೂ ಬಂತಾ ಅಂದ್ರು. ಕೆನ್ನೆಗೆ ಒಂದು, ಹೊಟ್ಟೆಗೆ ಒಂದು. ಬಿದ್ದೆ. ಕಾಲು ಕಿತ್ಕೊಳ್ಳೋಕೆ ನೋಡಿದ್ರು, ಬರ್ಲಿಲ್ಲ. ಕಾಲು ಬರದಿದ್ರೆ ನೀನೇ ಬಾ ಅಂತ ಪಾದ ಹಿಡ್ಕೊಂಡು ದರದರ ಎಳ್ಕೊಂಡು ಹೋದ್ರು. ನನ್ನ ತಲೆ ಹೊಸಿಲಿಗೆ ಬಡೀತು. ನಾನು ಬಾಗಿಲ ಚೌಕಟ್ಟು ತಬ್ಕೊಂಡೆ. ಅವರು ಎರಡು ಮೆಟ್ಟಿಲು ಇಳಿದು, ಹಿಂದಕ್ಕೆ ವಾಲಿ, ಕಾಲನ್ನ ಎದೆಗೆ ಅವಚಿ ಎಳೀತಿದ್ರು. ತೋಳು ಕಿತ್ತು ಬರೋ ಹಾಗಾಯ್ತು ಮೇಷ್ಟ್ರೇ. ಅಷ್ಟು ಎಳೆದ್ರೂ ಸಾಕೆಟ್ಟು ಎಲ್ಲೂ ಕಚ್ಚಲಿಲ್ಲ. ಅದು ನೆನಪಿದೆ ನನಗೆ."

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು.

"ಒಂದು ಕೈ ಚೌಕಟ್ಟಿಂದ ಬಿಟ್ಟೆ. ಗುಂಡಿ ಒತ್ತಿದೆ."

ನಾನು ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಲಿಲ್ಲ. ಅವನು ಸತ್ತದ್ದಕ್ಕೆ ನನಗೆ ಆಗಲೂ ದುಃಖವಾಗಲಿಲ್ಲ, ಈಗಲೂ ಇಲ್ಲ. ದುಃಖವಾದದ್ದು ಆ ಎರಡು ವರ್ಷಕ್ಕೆ. "ಕೂಗಾಡಿದ್ದೆಲ್ಲ ತಪ್ಪಾಯ್ತಮ್ಮ. ನನ್ನ ಕೈಯಿಂದ್ಲೇ ನಿನಗೆ ಏಟು ಬಿತ್ತು," ಎಂದೆ. ಜೀವನದಲ್ಲಿ ಎರಡನೆಯ ಸಲ ತಪ್ಪು ಒಪ್ಪಿಕೊಂಡಿದ್ದೆ, ಈ ಸಲದ್ದು ನಿಜವಾದದ್ದು.

"ನೀವು ಬರೆದುಕೊಟ್ಟಿದ್ದು ಇನ್‌ಸ್ಪೆಕ್ಟರು ನನಗೆ ಓದಿ ಹೇಳಿದ್ರು," ಎಂದಳು. "ಲಾಕು ಸಡಿಲ ಅಂತೆ." ಅವಳ ಕಣ್ಣು ತುಂಬಿತ್ತು, ತುಟಿಯ ಮೂಲೆಯಲ್ಲಿ ನಗುವೂ ಇತ್ತು. "ನಿಮ್ಮ ಲಾಕು."

"ಸುಮ್ನೆ ಕೂರು," ಎಂದು ಗದರಿದೆ.

ಕಾಲು ಹಾಕಿಕೊಂಡು ಎದ್ದು ನಿಂತಳು. ಇಪ್ಪತ್ತು ದಿನ ಭಾರ ಹೊರದ ಮೊಂಡುಕಾಲು, ಐದೇ ಟಿಕ್. ಗೋಡೆಯವರೆಗೆ ನಡೆದು ತಿರುಗಿ ಬಂದಳು. ನಾನು ರಿಜಿಸ್ಟರು ತೆರೆದು, ಪ್ರತಿ ಸಲ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ತಲೆ ಎತ್ತದೆ ಕೇಳಿದೆ.

"ಕಾಲು ಎಷ್ಟು ಹೊತ್ತಿಗೆ ಕಳಚ್ತೀಯ?"

"ನನಗೆ ಬೇಕಾದಾಗ," ಎಂದಳು.

ಹಾಗೆಯೇ ಬರೆದುಕೊಂಡೆ.